ಎಕರೆ ಲೆಕ್ಕದಲ್ಲಿ ಕೊಂಡು, ಅಡಿ ಲೆಕ್ಕದಲ್ಲಿ ಮಾರಿದ ಊರು

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಕೊಲರಾಡೋ ಸ್ಪ್ರಿಂಗ್ಸ್ ಊರನ್ನು ನೋಡಿದೆ. ನಡುರಸ್ತೆಯಲ್ಲಿ ಕುದುರೆ ಏರಿ ಕುಳಿತ ಜನರಲ್ ಪಾಮರ್ ಪ್ರತಿಮೆ ಇದೆ. ರೈಲು ಕಂಪನಿಯ ಒಡೆಯನಾಗಿದ್ದ ಈತನೇ ಬರೀ ಬಯಲಿನಲ್ಲಿ ಈ ಊರು ಕಟ್ಟಿದ್ದು ಎಂದರು. ಒಬ್ಬ ವ್ಯಾಪಾರಿ ಊರನ್ನೇ ಹುಟ್ಟಿಸುವುದು ಹೇಗೆ? ಸರ್ಕಾರ ಜಮೀನನ್ನು ಪುಕ್ಕಟೆ ಕೊಟ್ಟಿತ್ತೇ? ಪಕ್ಕದಲ್ಲೇ ಹಳೆಯ ಊರೊಂದಿತ್ತಂತೆ, ಅದನ್ನು ಬಿಟ್ಟು ಹೊಸದೇಕೆ? ಸೈಟಿನ ಕ್ರಯಪತ್ರದಲ್ಲೇ ಮದ್ಯ ಮಾರಬಾರದೆಂದು ಬರೆಸಿದ್ದರಂತೆ. ಅದು ನಿಜಕ್ಕೂ ನಡೆಯಿತೇ?

ಉತ್ತರ: ಮೊದಲು ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 1871ರ ಜುಲೈ 28ರಂದು ಡೆನ್ವರ್‌ನಲ್ಲಿ ‘ಡೆನ್ವರ್ ಅಂಡ್ ರಿಯೋ ಗ್ರಾಂಡ್’ ರೈಲ್ವೆಯ ಮೊದಲ ಹಳಿಮೊಳೆ ಹೊಡೆದರು. ಮೂರೇ ದಿನ ಕಳೆದು ಜುಲೈ 31ರಂದು, ಅಲ್ಲಿಂದ ಸುಮಾರು 75 ಮೈಲಿ ದಕ್ಷಿಣಕ್ಕೆ, ಪೈಕ್ಸ್ ಪೀಕ್ ಶಿಖರದ ಎದುರಿನ ಹುಲ್ಲುಬಯಲಿನಲ್ಲಿ ಕೊಲರಾಡೋ ಸ್ಪ್ರಿಂಗ್ಸ್‌ನ ಮೊದಲ ಗೂಟ ನೆಟ್ಟರು. ರೈಲು ಅಲ್ಲಿಗೆ ಮುಟ್ಟಿದ್ದು ಅಕ್ಟೋಬರ್‌ನಲ್ಲಿ. ಹಳಿ ಇನ್ನೂ ಡೆನ್ವರ್‌ನ ಅಂಚು ದಾಟಿರಲಿಲ್ಲ, ಇಲ್ಲಿ ಸೈಟುಗಳ ಅಳತೆ ಶುರುವಾಗಿತ್ತು. ಟಿಕೆಟ್ಟು ಮತ್ತು ಸರಕು ಬಾಡಿಗೆಯ ದುಡ್ಡು ನಿಧಾನವಾಗಿ ಬರುವಂಥದ್ದು. ಜಮೀನಿನ ದುಡ್ಡು ರೈಲಿನ ಸುದ್ದಿ ಹಬ್ಬಿದ ಕೂಡಲೇ ಬರುವಂಥದ್ದು. ಎಕರೆ ಲೆಕ್ಕದಲ್ಲಿ ಕೊಂಡ ನೆಲವನ್ನು ಅಡಿ ಲೆಕ್ಕದಲ್ಲಿ ಮಾರುವುದು: ಊರು ಕಟ್ಟುವ ರೈಲು ವ್ಯಾಪಾರಿಯ ಇಡೀ ವಿದ್ಯೆ ಇಷ್ಟೇ. ಉಳಿದದ್ದೆಲ್ಲ ಅದನ್ನು ಆಗಮಾಡುವ ಕಸುಬು.

ವಿಲಿಯಂ ಜಾಕ್ಸನ್ ಪಾಮರ್ 1836ರಲ್ಲಿ ಡೆಲವೇರ್‌ನಲ್ಲಿ, ಕ್ವೇಕರ್ ಎಂಬ ಕ್ರೈಸ್ತ ಪಂಗಡದ ಕುಟುಂಬವೊಂದರಲ್ಲಿ ಹುಟ್ಟಿದವನು. ಹರೆಯದಲ್ಲೇ ಇಂಗ್ಲೆಂಡಿಗೆ ಹೋಗಿ ರೈಲು ಮತ್ತು ಕಲ್ಲಿದ್ದಲಿನ ವ್ಯವಹಾರ ನೋಡಿ ಬಂದ. ಪೆನ್ಸಿಲ್ವೇನಿಯಾ ರೈಲ್ವೆಯ ಅಧ್ಯಕ್ಷ ಜೆ. ಎಡ್ಗರ್ ಥಾಮ್ಸನ್‌ಗೆ ಕಾರ್ಯದರ್ಶಿಯಾಗಿದ್ದ. ಅಂತರ್ಯುದ್ಧದಲ್ಲಿ ಅಶ್ವದಳ ನಡೆಸಿ ಜನರಲ್ ಅನ್ನಿಸಿಕೊಂಡ. ಆಮೇಲೆ ಕಾನ್ಸಾಸ್ ಪೆಸಿಫಿಕ್ ರೈಲ್ವೆ ಸೇರಿ, ಅದರ ಹಳಿಯನ್ನು 1870ರ ಆಗಸ್ಟ್‌ನಲ್ಲಿ ಡೆನ್ವರ್ ಮುಟ್ಟಿಸುವ ಕೆಲಸದಲ್ಲಿದ್ದ. ಆ ಕಾಲದ ದೊಡ್ಡ ರೈಲುಗಳೆಲ್ಲ ಪೂರ್ವದಿಂದ ಪಶ್ಚಿಮಕ್ಕೆ ಓಡುತ್ತಿದ್ದವು. ಪಾಮರ್‌ನ ಲೆಕ್ಕ ಬೇರೆ: ರಾಕಿ ಪರ್ವತಗಳ ತಪ್ಪಲಿನಗುಂಟ ಉತ್ತರದಿಂದ ದಕ್ಷಿಣಕ್ಕೆ, ಡೆನ್ವರ್‌ನಿಂದ ರಿಯೋ ಗ್ರಾಂಡ್ ನದಿಯ ಕಡೆಗೆ, ಕೊನೆಗೆ ಮೆಕ್ಸಿಕೊದ ತನಕ. ಅದೇ ವರ್ಷದ ಅಕ್ಟೋಬರ್‌ನಲ್ಲಿ ತನ್ನದೇ ಕಂಪನಿ ನೋಂದಾಯಿಸಿದ.

ಸರ್ಕಾರ ಜಮೀನು ಕೊಟ್ಟಿತ್ತೇ ಎಂಬ ಪ್ರಶ್ನೆಗೆ ಬರುತ್ತೇನೆ. ಯೂನಿಯನ್ ಪೆಸಿಫಿಕ್‌ನಂಥ ಕಂಪನಿಗಳಿಗೆ ಕೊಟ್ಟಿತ್ತು. ಪೆಸಿಫಿಕ್ ರೈಲ್ವೆ ಕಾಯ್ದೆಗೆ 1864ರಲ್ಲಾದ ತಿದ್ದುಪಡಿಯ ಪ್ರಕಾರ ಹಳಿಯ ಪ್ರತಿ ಮೈಲಿಗೆ 20 ಚದರ ಮೈಲಿ ನೆಲ, ಚದುರಂಗದ ಮನೆಗಳ ಹಾಗೆ ಒಂದು ಬಿಟ್ಟು ಒಂದು. ಪಾಮರ್‌ಗೆ ಆ ಭಾಗ್ಯ ಇರಲಿಲ್ಲ. 1872ರಲ್ಲಿ ಅಮೆರಿಕದ ಕಾಂಗ್ರೆಸ್ ಅವನಿಗೆ ಕೊಟ್ಟದ್ದು ಸರ್ಕಾರಿ ನೆಲದ ಮೇಲೆ 200 ಅಡಿ ಅಗಲದ ದಾರಿ ಹಕ್ಕು, ನಿಲ್ದಾಣಗಳಿಗೆ ಒಂದಿಷ್ಟು ಜಾಗ, ಅಷ್ಟೇ. ಹಾಗಾಗಿ ಊರಿನ ನೆಲವನ್ನು ದುಡ್ಡು ಕೊಟ್ಟೇ ಹೊಂದಿಸಬೇಕಿತ್ತು, ಅದೂ ರೈಲು ಬರುವ ಸುದ್ದಿ ಹಬ್ಬುವ ಮೊದಲೇ. ಬೇರೆಬೇರೆ ಹೆಸರಿನಲ್ಲಿ, ಸದ್ದಿಲ್ಲದೆ, ಸುಮಾರು 10,000 ಎಕರೆ ಒಟ್ಟುಮಾಡಿದರು. ಸರ್ಕಾರಿ ನೆಲದ ಕನಿಷ್ಠ ದರ ಆಗ ಎಕರೆಗೆ 1.25 ಡಾಲರ್. ಆಗಲೇ ಬೇಲಿ ಹಾಕಿ ಕುಳಿತಿದ್ದವರಿಂದ ಕೊಂಡದ್ದಕ್ಕೆ ಇನ್ನಷ್ಟು ಕೊಡಬೇಕಾಯಿತು.

ಇದರ ಗಣಿತ ನಮ್ಮ 30×40 ಸೈಟಿನ ಲೆಕ್ಕ ಗೊತ್ತಿದ್ದವರಿಗೆ ಸುಲಭ. ಒಂದು ಎಕರೆ ಎಂದರೆ 43,560 ಚದರ ಅಡಿ. ರಸ್ತೆ, ಓಣಿ, ಉದ್ಯಾನಕ್ಕೆ ನೂರಕ್ಕೆ 40 ಪಾಲು ಕಳೆಯಿರಿ, 26,000 ಚಿಲ್ಲರೆ ಉಳಿಯುತ್ತದೆ. 50×150 ಅಡಿಯ ಸೈಟು ಮಾಡಿದರೆ ಎಕರೆಗೆ ಮೂರು ಧಾರಾಳವಾಗಿ ಸಿಗುತ್ತವೆ. ಉದಾಹರಣೆಗೆ ಒಂದೊಂದನ್ನು 50 ಡಾಲರ್‌ಗೆ ಕೊಟ್ಟರೂ 1.25 ಡಾಲರ್‌ನ ಎಕರೆ 150 ಡಾಲರ್ ತರುತ್ತದೆ. ಎಲ್ಲ ಸೈಟೂ ಒಮ್ಮೆಗೇ ಹೋಗುವುದಿಲ್ಲ, ಕಾಲುವೆಗೂ ಸೇತುವೆಗೂ ಖರ್ಚಿದೆ. ಆದರೂ ಇಷ್ಟು ಅಂತರವಿರುವ ವ್ಯವಹಾರ ಬೇರೆ ಯಾವುದಿದೆ?

ಈ ಲಾಭ ರೈಲು ಕಂಪನಿಯ ಷೇರುದಾರರಿಗೆ ನೇರವಾಗಿ ಸೇರಲಿಲ್ಲ ಎಂಬುದನ್ನು ಗಮನಿಸಬೇಕು. ವ್ಯವಸ್ಥೆಯಲ್ಲಿ ಮೂರು ಬಗೆಯ ಕಂಪನಿಗಳಿದ್ದವು. ರೈಲು ನಡೆಸಲು ಒಂದು. ಹಳಿ ಹಾಕುವ ಗುತ್ತಿಗೆಗೆ ‘ಯೂನಿಯನ್ ಕಾಂಟ್ರಾಕ್ಟ್ ಕಂಪನಿ’; ಇದಕ್ಕೆ ಸಂದಾಯ ಬಹುಪಾಲು ರೈಲಿನ ಬಾಂಡು ಮತ್ತು ಷೇರುಗಳಲ್ಲಿ. ಮೂರನೆಯದು ಜಮೀನಿನ ಕಂಪನಿ. ಇಲ್ಲಿ ಅದರ ಹೆಸರು ‘ಕೊಲರಾಡೋ ಸ್ಪ್ರಿಂಗ್ಸ್ ಕಂಪನಿ’, ವಸತಿಗಾರರನ್ನು ಕೂಡಿಸಲು ಅದರ ಜೊತೆಗೆ ‘ಫೌಂಟನ್ ಕಾಲೊನಿ’. ಮೂರರಲ್ಲೂ ಪಾಮರ್, ಅವನ ಗೆಳೆಯ ಡಾ. ವಿಲಿಯಂ ಬೆಲ್ ಮತ್ತು ಅವರ ಹತ್ತಿರದವರೇ. ನಿಲ್ದಾಣ ಎಲ್ಲಿ ಬರಬೇಕೆಂದು ತೀರ್ಮಾನಿಸುವ ಕೈಯೂ ಅದರ ಸುತ್ತಲಿನ ನೆಲ ಕೊಳ್ಳುವ ಕೈಯೂ ಒಂದೇ. ಲಂಡನ್‌ನಲ್ಲೋ ಆಂಸ್ಟರ್‌ಡಾಂನಲ್ಲೋ ಕುಳಿತು ರೈಲಿನ ಬಾಂಡು ಕೊಂಡವನು ನಷ್ಟದ ಭಾರ ಹೊತ್ತ. ಸೈಟಿನ ಲಾಭ ಒಳಗಿನವರಿಗೆ ಹೋಯಿತು. ಆ ಕಾಲಕ್ಕೆ ಇದು ಕಾನೂನಿಗೆ ವಿರುದ್ಧವಾಗಿರಲಿಲ್ಲ, ಎಲ್ಲರೂ ಮಾಡುತ್ತಿದ್ದರು. ನ್ಯಾಯವೆನ್ನಲು ಮಾತ್ರ ನನಗೆ ಸಾಧ್ಯವಿಲ್ಲ.

ರೈಲಿನ ಖರ್ಚು ಇಳಿಸಲು ಪಾಮರ್ ಆರಿಸಿಕೊಂಡದ್ದು 3 ಅಡಿಯ ಕಿರಿದಾದ ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಂತರ. ಮಾಮೂಲಿ ಗೇಜು 4 ಅಡಿ 8½ ಅಂಗುಲ. 1870ರ ಕೊನೆಯಲ್ಲಿ ಮದುವೆಯಾಗಿ ಹೆಂಡತಿಯೊಡನೆ ಬ್ರಿಟನ್ನಿಗೆ ಹೋದಾಗ ವೇಲ್ಸ್‌ನ ಫೆಸ್ಟಿನಿಯೋಗ್ ರೈಲ್ವೆಯನ್ನು ಕಣ್ಣಾರೆ ಕಂಡಿದ್ದ. ಅದರ ಗೇಜು 2 ಅಡಿಗೂ ಒಂದಿಷ್ಟು ಕಡಿಮೆ. ಅಗಲ ಕಿರಿದಾದಷ್ಟೂ ತಿರುವು ಚಿಕ್ಕದು ಮಾಡಬಹುದು, ಗುಡ್ಡ ಕೊರೆಯದೆ ಅದರ ಮೈಗುಂಟ ಸುತ್ತಿ ಹೋಗಬಹುದು. ಎಂಜಿನ್ ಹಗುರ, ಸೇತುವೆ ಹಗುರ, ಹಳಿಯೂ ಹಗುರ. ಮೊದಲು ಹಾಕಿದ್ದು ಗಜಕ್ಕೆ 30 ಪೌಂಡ್ ತೂಗುವ ಹಳಿ. ಒಂದು ಮೈಲಿಯಲ್ಲಿ 1,760 ಗಜ, ಎರಡು ಸಾಲು: ಒಟ್ಟು 1,05,600 ಪೌಂಡ್, ಬ್ರಿಟಿಷ್ ಲೆಕ್ಕದಲ್ಲಿ ಸುಮಾರು 47 ಟನ್ ಕಬ್ಬಿಣ. ಗಜಕ್ಕೆ 56 ಪೌಂಡಿನ ಹಳಿಯಾದರೆ ಅದೇ ಮೈಲಿಗೆ 88 ಟನ್. ಡೆನ್ವರ್‌ನಿಂದ ಕೊಲರಾಡೋ ಸ್ಪ್ರಿಂಗ್ಸ್‌ವರೆಗಿನ ದಾರಿಯಲ್ಲೇ 3,000 ಟನ್ನಿಗೂ ಹೆಚ್ಚು ಉಳಿತಾಯ. ಇದೇ ಹೊತ್ತಿಗೆ ಇದೇ ಉಳಿತಾಯದ ವಾದ ಭಾರತದಲ್ಲೂ ಗೆದ್ದು, ವೈಸರಾಯ್ ಲಾರ್ಡ್ ಮೇಯೊ ಕಾಲದಲ್ಲಿ ಮೀಟರ್ ಗೇಜು ಬಂತು. ಬೆಂಗಳೂರು–ಮೈಸೂರು ಮಾರ್ಗ ಮೀಟರ್ ಗೇಜಿನಲ್ಲಿ ಆದದ್ದು ಅದರ ಫಲ.

ಕಿರಿದಾದ ಗೇಜಿನ ಕಾಟ ಆಮೇಲೆ ಗೊತ್ತಾಗುತ್ತದೆ. ಪೂರ್ವದಿಂದ ಬಂದ ಅಗಲ ಗೇಜಿನ ಬೋಗಿ ಡೆನ್ವರ್‌ನಲ್ಲಿ ನಿಲ್ಲಬೇಕು, ಸರಕನ್ನೆಲ್ಲ ಇಳಿಸಿ ಚಿಕ್ಕ ಬೋಗಿಗೆ ತುಂಬಬೇಕು. ಕೂಲಿಯೂ ಹೋಗುತ್ತದೆ, ಹೊತ್ತೂ ಹೋಗುತ್ತದೆ, ಒಡೆದು ಹಾಳಾಗುವುದು ಬೇರೆ. ಪೈಪೋಟಿಯ ಕಂಪನಿ ಅಗಲ ಗೇಜು ತಂದ ದಿನ ಗಿರಾಕಿ ಆ ಕಡೆ ಹೊರಡುತ್ತಾನೆ. 1881ರಲ್ಲಿ ಡೆನ್ವರ್ ಮತ್ತು ದಕ್ಷಿಣದ ಪ್ಯೂಬ್ಲೊ ಊರಿನ ನಡುವೆ ಮೂರನೆಯ ಹಳಿಯೊಂದನ್ನು ಹೊರಗೆ ಹಾಕಿ ಎರಡೂ ಗೇಜಿನ ಗಾಡಿಗಳು ಓಡುವಂತೆ ಮಾಡಬೇಕಾಯಿತು.

ಇನ್ನು ಹಳೆಯ ಊರಿನ ವಿಷಯ. ಕೊಲರಾಡೋ ಸಿಟಿ 1859ರ ಚಿನ್ನದ ಹುಚ್ಚಿನಲ್ಲಿ ಹುಟ್ಟಿದ್ದು, ಆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಆಡಳಿತ ಕೇಂದ್ರವೂ ಅದೇ. ಅಲ್ಲಿಗೆ ರೈಲು ಒಯ್ದಿದ್ದರೆ ಜನರಿಗೆ ಅನುಕೂಲವೇ. ಆದರೆ ಅಲ್ಲಿನ ಸೈಟುಗಳು ಆಗಲೇ ಬೇರೆಯವರ ಕೈಯಲ್ಲಿದ್ದವು. ಬೆಲೆ ಏರಿದರೆ ಲಾಭ ಅವರದು, ಖರ್ಚು ರೈಲಿನದು. ಅದಕ್ಕೇ ಪೂರ್ವಕ್ಕೆ ಸರಿದು, ಮಾನ್ಯುಮೆಂಟ್ ಹಳ್ಳ ಫೌಂಟನ್ ಹಳ್ಳವನ್ನು ಕೂಡುವಲ್ಲಿ, ಹಳ್ಳಕ್ಕಿಂತ ಎತ್ತರದ ಸಮತಟ್ಟು ನೆಲವನ್ನು ಹಿಡಿದರು. 1873ರಲ್ಲಿ ಕೌಂಟಿ ಕಚೇರಿಯೂ ಹೊಸ ಊರಿಗೆ ಬಂತು. ಕಚೇರಿ, ಕೋರ್ಟು ಹೋದ ಊರಿನಲ್ಲಿ ಉಳಿಯುವುದೇನೆಂದು ನಮ್ಮಲ್ಲಿ ತಾಲ್ಲೂಕು ಕೇಂದ್ರ ಕಳೆದುಕೊಂಡವರಿಗೆ ಹೇಳಬೇಕಿಲ್ಲ. ಹೆಸರಿನಲ್ಲೂ ವ್ಯಾಪಾರವಿತ್ತು: ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ಖನಿಜ ನೀರಿನ ಬುಗ್ಗೆಗಳಿಲ್ಲ. ಅವು ಇರುವುದು ಪಶ್ಚಿಮಕ್ಕೆ ಐದಾರು ಮೈಲಿ ದೂರದ ಮ್ಯಾನಿಟೂದಲ್ಲಿ. ಆರೋಗ್ಯ ಅರಸಿ ಬರುವ ಇಂಗ್ಲಿಷರನ್ನು ಸೆಳೆಯಲು ಆ ಹೆಸರು ಚೆನ್ನಾಗಿ ಒದಗಿತು. ಎಷ್ಟು ಮಂದಿ ಬಂದರೆಂದರೆ ಊರಿಗೆ ‘ಪುಟ್ಟ ಲಂಡನ್’ ಎಂಬ ಅಡ್ಡಹೆಸರೇ ಬಿತ್ತು.

ಬಯಲಿನಲ್ಲಿ ಗೂಟ ನೆಟ್ಟರೆ ಊರಾಗುವುದಿಲ್ಲ. ಮಳೆ ವರ್ಷಕ್ಕೆ 16 ಅಂಗುಲದ ಆಸುಪಾಸು, ಎತ್ತರ ಸಮುದ್ರಮಟ್ಟದಿಂದ 6,000 ಅಡಿ, ಗಾಳಿ ತಡೆಯಲು ಒಂದು ಮರವಿಲ್ಲ. ಮೊದಲ ವರ್ಷದಲ್ಲೇ ಕೈಗೆತ್ತಿಕೊಂಡ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಜಾಣತನದ್ದು ಕಾಣುವುದು ಎಲ್ ಪಾಸೊ ಕಾಲುವೆ. ಊರು ಹಳ್ಳಕ್ಕಿಂತ ಮೇಲಿದೆ, ನೀರು ಮೇಲಕ್ಕೆ ಹತ್ತುವುದಿಲ್ಲ. ಹಾಗಾಗಿ ಫೌಂಟನ್ ಹಳ್ಳದ ಮೇಲ್ಭಾಗದಲ್ಲೇ ನೀರು ತಿರುಗಿಸಿ, ಗುಡ್ಡದ ಮೈಗುಂಟ ಹಳ್ಳಕ್ಕಿಂತ ಕಡಿಮೆ ಇಳಿಜಾರಿನಲ್ಲಿ ತರಬೇಕು. ಮುಂದೆ ಸಾಗಿದಷ್ಟೂ ಹಳ್ಳ ಕೆಳಗೆ ಉಳಿಯುತ್ತದೆ, ಕಾಲುವೆ ಊರಿನ ತಲೆಗೆ ಬಂದು ಸೇರುತ್ತದೆ. ಇಳಿಜಾರು ಹೆಚ್ಚಾದರೆ ನೀರು ದಡ ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ನಮ್ಮ ನೀರುಗಂಟಿಗಳಿಗೆ ಗೊತ್ತಿರುವ ಅದೇ ಲೆಕ್ಕ. ಅಲ್ಲಿಂದ ರಸ್ತೆಗಳ ಎರಡೂ ಬದಿ ತೋಡು ತೆಗೆದು, ಕಾಟನ್‌ವುಡ್ ಸಸಿಗಳನ್ನು ಸಾವಿರಗಟ್ಟಲೆ ತಂದು ನೆಟ್ಟರು. ಅರಳಿಯ ಹಾಗೆ ಸಣ್ಣ ಗಾಳಿಗೂ ಎಲೆ ಅಲುಗುವ ಮರ ಅದು. ಬೇಗ ಬೆಳೆಯುತ್ತದೆ, ಬೇರಿಗೆ ನೀರು ತಪ್ಪಿದರೆ ಅಷ್ಟೇ ಬೇಗ ಒಣಗುತ್ತದೆ. ಕಾಲುವೆ ತಡವಾಗಿದ್ದರೆ ನೆಟ್ಟದ್ದೆಲ್ಲ ಕಡ್ಡಿ. ಇನ್ನೊಂದು ಕಾರಣಕ್ಕೂ ಅವಸರವಿತ್ತು: ಕೊಲರಾಡೋದಲ್ಲಿ ನೀರಿನ ಹಕ್ಕು ಮೊದಲು ಬಳಸಿದವನಿಗೆ ಮೊದಲು. ಬರಗಾಲ ಬಂದರೆ ಹಿಂದಿನ ತಾರೀಖಿನ ಕಾಲುವೆಗೆ ಪೂರ್ತಿ ನೀರು, ಈಚಿನದಕ್ಕೆ ಉಳಿದದ್ದು.

ನಕ್ಷೆಯಲ್ಲೂ ಯೋಚನೆಯಿದೆ. ರಸ್ತೆಗೆ 100 ಅಡಿ ಅಗಲ, ಅವೆನ್ಯೂಗೆ 140 ಅಡಿ. ಮಾರಬಹುದಾಗಿದ್ದ ಅಷ್ಟು ನೆಲವನ್ನು ರಸ್ತೆಗೆ ಬಿಟ್ಟದ್ದು ಉಳಿದ ಸೈಟಿನ ಬೆಲೆ ಏರಿಸುತ್ತದೆಂಬ ನಂಬಿಕೆಯಿಂದ. ಉತ್ತರ-ದಕ್ಷಿಣದ ಅವೆನ್ಯೂಗಳಿಗೆ ಪರ್ವತಶ್ರೇಣಿಗಳ ಹೆಸರು: ಕ್ಯಾಸ್ಕೇಡ್, ನೆವಾಡಾ, ವಾಸಾಚ್. ಅಡ್ಡ ರಸ್ತೆಗಳಿಗೆ ಹೊಳೆಗಳದು: ಪ್ಲ್ಯಾಟ್, ಬಿಜೂ, ಕಯೋವಾ, ಸಿಮರಾನ್. ಮೊದಲ ಗೂಟ ನಿಂತದ್ದು ಕ್ಯಾಸ್ಕೇಡ್ ಮತ್ತು ಪೈಕ್ಸ್ ಪೀಕ್ ಅವೆನ್ಯೂಗಳು ಕೂಡುವ ಮೂಲೆಯಲ್ಲಿ. ಶಾಲೆ, ಚರ್ಚು, ಉದ್ಯಾನಕ್ಕೆ ಜಾಗ ಬಿಟ್ಟರು. 1874ರಲ್ಲಿ ಕೊಲರಾಡೋ ಕಾಲೇಜು ಶುರುವಾಯಿತು. ಕಾಲೊನಿಯ ಕೆಲಸ ನೋಡಿಕೊಳ್ಳಲು ಜನರಲ್ ರಾಬರ್ಟ್ ಕ್ಯಾಮರನ್‌ನನ್ನು ಕರೆತಂದಿದ್ದರು. ಉತ್ತರ ಕೊಲರಾಡೋದ ಗ್ರೀಲಿ ಊರನ್ನು ಕಟ್ಟಿದ ಅನುಭವ ಅವನಿಗಿತ್ತು. ಸದಸ್ಯತ್ವಕ್ಕೆ 100 ಡಾಲರ್, ಜೊತೆಗೆ ನಡತೆಯೂ ಚೆನ್ನಾಗಿರಬೇಕು.

ಮದ್ಯದ ಷರತ್ತು ಬರುವುದು ಇಲ್ಲಿಗೇ. ಸಾರ್ವಜನಿಕರು ಸೇರುವ ಜಾಗದಲ್ಲಿ ಮದ್ಯ ತಯಾರಿಸಿದರೆ ಅಥವಾ ಮಾರಿದರೆ ಕ್ರಯ ರದ್ದು, ಸೈಟು ಕಂಪನಿಗೆ ವಾಪಸ್ಸು ಎಂದು ಪ್ರತಿ ಕ್ರಯಪತ್ರದಲ್ಲೂ ಬರೆಸಿದರು. ದಂಡ ಹಾಕುವ ಷರತ್ತಲ್ಲ ಇದು, ಒಡೆತನವೇ ಕಳಚುವ ಷರತ್ತು. ಕೋವೆಲ್ ಎಂಬಾತ ಬಿಲಿಯರ್ಡ್ಸ್ ಅಂಗಡಿ ತೆರೆದು ಮದ್ಯ ಮಾರಿದಾಗ ಕಂಪನಿ ಸೈಟು ಬಿಡಿಸಲು ದಾವೆ ಹೂಡಿತು. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1879ರಲ್ಲಿ ಕಂಪನಿಯ ಪರವಾಗಿ ತೀರ್ಪಾಯಿತು. ಚರ್ಮ ಹದಮಾಡುವ ಕಾರ್ಖಾನೆ, ಕಸಾಯಿಖಾನೆ ಬೇಡವೆಂದು ಷರತ್ತು ಹಾಕಬಹುದಾದರೆ ಇದನ್ನೂ ಹಾಕಬಹುದು ಎಂಬ ಧಾಟಿಯ ತರ್ಕ. ಹೀಗೆ ಷರತ್ತು ಕೋರ್ಟಿನಲ್ಲಿ ನಿಂತಿತು. ಕುಡಿತ ನಿಂತಿತೇ? ಕುಡಿಯುವವರು ಪಶ್ಚಿಮಕ್ಕೆ ನಡೆದರು. ರೈಲು ಬಿಟ್ಟುಹೋದ ಕೊಲರಾಡೋ ಸಿಟಿ ಪಾನಗೃಹಗಳ ಊರಾಗಿ ಬಹುಕಾಲ ಬದುಕಿಕೊಂಡಿತು, 1917ರಲ್ಲಿ ಕೊಲರಾಡೋ ಸ್ಪ್ರಿಂಗ್ಸ್‌ಗೆ ಸೇರಿಹೋಯಿತು.

ಇಷ್ಟು ಹೊತ್ತೂ ‘ಬರೀ ಬಯಲು’ ಎಂಬ ನಿಮ್ಮ ಮಾತನ್ನೇ ಬಳಸಿದೆ, ಅದನ್ನು ತಿದ್ದಬೇಕು. ಆ ತಪ್ಪಲು ಶಾಯನ್ ಮತ್ತು ಅರಪಾಹೊ ಎಂಬ ಮೂಲನಿವಾಸಿ ಜನರ ಬೇಟೆ ನೆಲ. ಮ್ಯಾನಿಟೂ ಬುಗ್ಗೆಗಳು ಯೂಟ್ ಎಂಬ ಇನ್ನೊಂದು ಮೂಲನಿವಾಸಿ ಜನರಿಗೆ ಪವಿತ್ರ. 1864ರ ನವೆಂಬರ್ 29ರಂದು ಸ್ಯಾಂಡ್ ಕ್ರೀಕ್‌ನಲ್ಲಿ ಶಾಯನ್, ಅರಪಾಹೊ ಬಿಡಾರದ ಮೇಲೆ ಸೈನಿಕರು ಬಿದ್ದು ಹೆಂಗಸರು ಮಕ್ಕಳೆನ್ನದೆ ಕೊಂದರು. 1867ರ ಒಪ್ಪಂದದಲ್ಲಿ ಉಳಿದವರನ್ನು ಇಂದಿನ ಒಕ್ಲಹೋಮಾದ ಕಡೆಗೆ ಸಾಗಹಾಕಿದರು. ಗೂಟ ನೆಟ್ಟದ್ದು ಅದಾದ ನಾಲ್ಕೇ ವರ್ಷಕ್ಕೆ. ಎಕರೆಗೆ 1.25 ಡಾಲರ್ ಎಂಬ ಅಗ್ಗದ ದರದ ಹಿಂದಿನ ಬೆಲೆ ಇದು. ಪಾಮರ್ ಒಳ್ಳೆಯ ದಾನಿ ನಿಜ, ಆದರೆ ಈ ಅಧ್ಯಾಯ ಬಿಟ್ಟು ಅವನ ಊರಿನ ಕಥೆ ಹೇಳುವುದು ಅರ್ಧ ಸತ್ಯ.

ಈ ವಿದ್ಯೆ ಎಲ್ಲೆಡೆ ಫಲಿಸಲಿಲ್ಲ. ದಕ್ಷಿಣದ ಪ್ಯೂಬ್ಲೊದಲ್ಲಿ 1872ರಲ್ಲಿ ಹಳೆ ಊರಿನೆದುರು ನದಿಯಾಚೆ ‘ಸೌತ್ ಪ್ಯೂಬ್ಲೊ’ ಕಟ್ಟಿದರು. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಜೇ ಕುಕ್‌ನ ಬ್ಯಾಂಕು ಮುಳುಗಿ ದೇಶವೇ ಆರ್ಥಿಕ ಕುಸಿತಕ್ಕೆ ಬಿತ್ತು. ಬಾಂಡು ಕೊಳ್ಳುವವರಿಲ್ಲ, ಹಳಿ ಮುಂದೆ ಹೋಗಲಿಲ್ಲ. ಆದರೂ 1876ರಲ್ಲಿ ಟ್ರಿನಿಡಾಡ್ ಪಟ್ಟಣದಿಂದ ಐದು ಮೈಲಿ ಮೊದಲೇ ಹಳಿ ನಿಲ್ಲಿಸಿ ಎಲ್ ಮೊರೊ ಎಂಬ ಕಂಪನಿ ಊರು ಹುಟ್ಟಿಸಿದರು. ಟ್ರಿನಿಡಾಡ್ ಜನ ಇದನ್ನು ಮರೆಯಲಿಲ್ಲ. ಅಲ್ಲಿಂದ ನ್ಯೂ ಮೆಕ್ಸಿಕೊಗೆ ದಾಟುವ ರಟೋನ್ ಕಣಿವೆದಾರಿಗೆ ಸುಂಕ ವಸೂಲಿ ಮಾಡುತ್ತಿದ್ದವನು ಡಿಕ್ ವೂಟನ್. 1878ರ ಫೆಬ್ರವರಿಯಲ್ಲಿ ಎದುರಾಳಿ ಸಾಂತಾ ಫೆ ರೈಲ್ವೆಯವರು ರಾತ್ರೋರಾತ್ರಿ ಅವನನ್ನು ಕಂಡು, ಲಾಟೀನು ಹಿಡಿದು ಅಗೆತ ಶುರುಮಾಡಿಬಿಟ್ಟರು. ಅವರಿಗೆ ಸಹಾಯಕ್ಕೆ ನಿಂತದ್ದು ಟ್ರಿನಿಡಾಡ್ ಕಡೆಯ ಜನ. ಪಾಮರ್‌ನ ಆಳುಗಳು ಬರುವಷ್ಟರಲ್ಲಿ ದಾರಿ ಕೈತಪ್ಪಿತ್ತು. ಐದು ಮೈಲಿಯ ಸೈಟಿನ ಆಸೆಗೆ ಮೆಕ್ಸಿಕೊದ ದಾರಿಯನ್ನೇ ತೆತ್ತರು ಎಂದರೆ ಹೆಚ್ಚಾಗದು. ಬಳಿಕ ರಾಯಲ್ ಗಾರ್ಜ್ ಕಂದರಕ್ಕಾಗಿ ಇದೇ ಕಂಪನಿಯೊಡನೆ ಕೋರ್ಟಿನಲ್ಲೂ ಬಂದೂಕು ಹಿಡಿದೂ ಹೋರಾಟವಾಗಿ, 1880ರಲ್ಲಿ ಬಾಸ್ಟನ್‌ನಲ್ಲಿ ರಾಜಿಯಾಯಿತು. ಕಂದರ ಪಾಮರ್‌ಗೆ, ದಕ್ಷಿಣದ ದಾರಿ ಸಾಂತಾ ಫೆಗೆ.

ದಕ್ಷಿಣ ಮುಚ್ಚಿದ ಮೇಲೆ ಪಶ್ಚಿಮದ ಸ್ಯಾನ್ ವಾನ್ ಬೆಟ್ಟಗಳ ಬೆಳ್ಳಿಯೇ ಗತಿ. ಯೂಟರಿಂದ ಆ ಬೆಟ್ಟಗಳನ್ನು 1873ರ ಬ್ರೂನೊ ಒಪ್ಪಂದದಲ್ಲಿ ಕಿತ್ತುಕೊಂಡಾಗಿತ್ತು. ಗಣಿಗಳು ಸಿಲ್ವರ್ಟನ್‌ನಲ್ಲಿ, 9,300 ಅಡಿ ಎತ್ತರದಲ್ಲಿ. ಅದಿರು ಕರಗಿಸುವ ಕುಲುಮೆಗೆ ಕಲ್ಲಿದ್ದಲು, ಸುಣ್ಣಕಲ್ಲು, ನೀರು, ಸಮತಟ್ಟು ಜಾಗ ಬೇಕು. ಇವೆಲ್ಲ ಒಟ್ಟಿಗೆ ಸಿಗುವುದು ಕೆಳಗಿನ ಆನಿಮಸ್ ಕಣಿವೆಯಲ್ಲಿ. ತುಂಬಿದ ಗಾಡಿ ಇಳಿಯುತ್ತದೆ, ಖಾಲಿಯದು ಹತ್ತುತ್ತದೆ, ಇಂಧನ ಉಳಿಯುತ್ತದೆ. ಕಣಿವೆಯಲ್ಲಿದ್ದ ಆನಿಮಸ್ ಸಿಟಿ ಕಂಪನಿಯ ಷರತ್ತಿಗೆ ಒಪ್ಪಲಿಲ್ಲ. 1880ರ ಸೆಪ್ಟೆಂಬರ್‌ನಲ್ಲಿ ಎರಡು ಮೈಲಿ ಕೆಳಗೆ ಡುರಾಂಗೊ ಊರಿನ ಅಳತೆಯಾಯಿತು. ರೈಲು ಬಂದದ್ದು 1881ರ ಜುಲೈ 27ರಂದು, ಸಿಲ್ವರ್ಟನ್ ಮುಟ್ಟಿದ್ದು 1882ರ ಜುಲೈನಲ್ಲಿ. ಕೊಲರಾಡೋ ಸ್ಪ್ರಿಂಗ್ಸ್ ಹವಾ ಮತ್ತು ಮರ್ಯಾದೆಯನ್ನು ಮಾರಿ ಬೆಳೆದರೆ ಡುರಾಂಗೊ ಹೊಗೆ ಮತ್ತು ಅದಿರಿನಿಂದ ಬೆಳೆಯಿತು. ಊರಿಗೆ ದುಡಿಮೆಯ ಆಧಾರ ಮೊದಲೇ ಇದ್ದದ್ದರಿಂದ ನನ್ನ ಮಟ್ಟಿಗೆ ಎರಡನೆಯದೇ ಗಟ್ಟಿ ಲೆಕ್ಕಾಚಾರ.

ಪಾಮರ್ 1883ರಲ್ಲಿ ಡೆನ್ವರ್ ಅಂಡ್ ರಿಯೋ ಗ್ರಾಂಡ್ ಕಂಪನಿಯ ಅಧ್ಯಕ್ಷತೆ ಬಿಟ್ಟ. 1906ರಲ್ಲಿ ಕುದುರೆಯಿಂದ ಬಿದ್ದು ಮೈ ಸ್ವಾಧೀನ ತಪ್ಪಿ, 1909ರ ಮಾರ್ಚ್‌ನಲ್ಲಿ ತೀರಿಕೊಂಡ.

ಮತ್ತೆ ಮಗಳ ಮನೆಗೆ ಹೋದಾಗ ಬಿಡುವಿದ್ದರೆ ಡುರಾಂಗೊಗೆ ಹೋಗಿ. ಸಿಲ್ವರ್ಟನ್‌ವರೆಗಿನ 45 ಮೈಲಿ ಮಾರ್ಗದಲ್ಲಿ ಪ್ರವಾಸಿ ರೈಲು ಓಡುತ್ತದೆ. ಹತ್ತುವಾಗ ಬಲಬದಿಯ ಸೀಟು ಹಿಡಿಯಿರಿ, ನದಿಯ ಕಂದರ ಆ ಕಡೆಗೆ. ಮೇಲೆ ಗಾಳಿ ತೆಳುವಾಗಿರುವುದರಿಂದ ಇಳಿದ ಕೂಡಲೇ ಬಿರುಸಾಗಿ ನಡೆಯಬೇಡಿ. ಹಳಿಗಳ ಒಳಅಂಚಿನ ನಡುವೆ ಈಗಲೂ ಅದೇ 3 ಅಡಿ. ರೈಲು ಊರು ಬಿಡುವಾಗ ಉತ್ತರಕ್ಕೆ ಸಿಗುವ ಮನೆಗಳ ಸಾಲು ಹಿಂದಿನ ಆನಿಮಸ್ ಸಿಟಿ. ಈಗ ಅದು ಡುರಾಂಗೊದ ಒಂದು ಬಡಾವಣೆ.